ಲಾರಿಗೆ 80ರ ಸ್ಪೀಡ್ ಗವರ್ನರ್ ಕಡ್ಡಾಯ ಮಾಡಿದರೆ ಹಾಸನದ ಹೆದ್ದಾರಿಗೆ ಅಷ್ಟು ಸಾಕಾ?

ಪ್ರಶ್ನೆ ಕೇಳಿದವರು: ಚನ್ನರಾಯಪಟ್ಟಣದ ಅಂಗಡಿಯವ

ಎಲ್ಲರಿಗೂ ನಮಸ್ಕಾರ. ಅಂಗಡಿಗೆ ಸರಕು ತರಲು ಆಗಾಗ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಬರುತ್ತೇನೆ. ಹಿರೀಸಾವೆ ದಾಟಿದ ಮೇಲೆ ನಾನು 90ರಲ್ಲಿ ಹೋಗುತ್ತಿದ್ದರೂ ಹಿಂದಿನಿಂದ ಲಾರಿ ಬಂದು ಲೈಟ್ ಹೊಡೆಯುತ್ತದೆ. ಖಾಲಿ ಲಾರಿಯಾದರೆ ಇನ್ನೂ ಜೋರು. ದಾರಿ ಬಿಟ್ಟ ಮೇಲೆ ನೋಡಿದರೆ ಅದರ ಬೆನ್ನ ಮೇಲೆ ‘ವೇಗ ಮಿತಿ 80 ಕಿ.ಮೀ.’ ಅಂತ ದೊಡ್ಡದಾಗಿ ಬರೆದಿರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿದ ಮೇಲೆ ನಮ್ಮ ಕಡೆ ಎಲ್ಲರಿಗೂ ಲಾರಿ ಅಂದರೆ ಭಯ. ಅಂಗಡಿಗೆ ಬಂದವರೆಲ್ಲ ‘ಎಲ್ಲ ಲಾರಿಗೂ ವೇಗ ತಡೆಯುವ ಗವರ್ನರ್ ಹಾಕಿಸಿಬಿಡಬೇಕು, ಆಗ ಸರಿ ಹೋಗುತ್ತೆ’ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅದು ಈಗಾಗಲೇ ಕಡ್ಡಾಯ ಅಂತ ಒಬ್ಬರು ಹೇಳಿದರು. ಕಡ್ಡಾಯ ಇದ್ದರೆ ನನ್ನ ಹಿಂದೆ 90ರಲ್ಲಿ ಲಾರಿ ಹೇಗೆ ಬರುತ್ತೆ? ಗವರ್ನರ್ ಸರಿಯಾಗಿ ಕೆಲಸ ಮಾಡಿದರೆ ಅಪಘಾತ ನಿಜಕ್ಕೂ ಕಡಿಮೆ ಆಗುತ್ತಾ? ಈ ಕಸುಬಿನಲ್ಲಿ ಇರುವವರು ದಯವಿಟ್ಟು ಹೇಳಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಅರ್ಜಿ ಕೊಡೋಣ ಅಂತ ನಮ್ಮ ವರ್ತಕರೆಲ್ಲ ಸೇರಿ ಯೋಚಿಸುತ್ತಿದ್ದೇವೆ. ಏನು ಬರೆಯಬೇಕು ಅನ್ನುವುದೂ ಗೊತ್ತಾಗಬೇಕು.

---

ಉತ್ತರ: ಬಿ.ಎಂ. ರಸ್ತೆ ಮೆಕ್ಯಾನಿಕ್

ಹಾಸನದಲ್ಲಿ ಲಾರಿ ಗ್ಯಾರೇಜ್‌ನಲ್ಲಿ ಕೆಲಸ ಮಾಡುತ್ತೇನೆ. ಕಾನೂನು ಮತ್ತು ಯಂತ್ರ, ಇವೆರಡರ ಬಗ್ಗೆ ಮಾತ್ರ ಹೇಳುತ್ತೇನೆ.

ಹೌದು, ಕಡ್ಡಾಯವೇ. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಲ್ಲಿ 118ನೇ ನಿಯಮವನ್ನು ತಿದ್ದಿತು. ಆ ವರ್ಷದ ಅಕ್ಟೋಬರ್ 1ರ ನಂತರ ತಯಾರಾದ ಲಾರಿ, ಬಸ್ಸುಗಳಿಗೆ ಗವರ್ನರ್ ಇರಲೇಬೇಕು, 80ಕ್ಕೆ ಸೆಟ್ ಆಗಿರಬೇಕು. ಟ್ಯಾಂಕರ್, ಟಿಪ್ಪರ್, ಶಾಲಾ ಬಸ್, ಅಪಾಯದ ಸರಕು ಸಾಗಿಸುವ ಗಾಡಿಗಳಿಗೆ 60. ಆಂಬುಲೆನ್ಸ್, ಫೈರ್ ಎಂಜಿನ್, ಪೊಲೀಸ್ ಗಾಡಿಗಳಿಗೆ ವಿನಾಯಿತಿ ಇದೆ.

ಹಳೆಯ ಗಾಡಿಗಳಲ್ಲಿ ಇದು ಹೊರಗಿನಿಂದ ಸೇರಿಸಿದ ಒಂದು ಡಬ್ಬಿ. ವೇಗ ಎಷ್ಟಿದೆ ಅಂತ ಸೆನ್ಸರ್ ಹೇಳುತ್ತದೆ. ಮಿತಿ ಮುಟ್ಟಿದ ಕೂಡಲೇ ಡಬ್ಬಿ ಎಂಜಿನ್‌ಗೆ ಡೀಸೆಲ್ ಕಡಿಮೆ ಮಾಡುತ್ತದೆ. ಡ್ರೈವರ್ ಎಷ್ಟೇ ತುಳಿದರೂ ಗಾಡಿ ಮುಂದಕ್ಕೆ ಎಳೆಯುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಡಬ್ಬಿ ಇಲ್ಲ, ಎಂಜಿನ್ನಿನ ಕಂಪ್ಯೂಟರ್‌ನಲ್ಲೇ ಈ ಮಿತಿ ಬರೆದಿರುತ್ತದೆ.

ಹಾಗಾದರೆ ನಿಮ್ಮ ಹಿಂದೆ 90ರಲ್ಲಿ ಬಂದದ್ದು ಹೇಗೆ? ತಪ್ಪಿಸಿದ್ದಾರೆ, ಅಷ್ಟೇ. ಡಬ್ಬಿ ಇರುವ ಗಾಡಿಯಲ್ಲಿ ಅದು ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸುವ ದಿನ ಕೆಲಸ ಮಾಡುತ್ತದೆ, ಮಾರನೇ ದಿನ ಮಾಡುವುದಿಲ್ಲ. ಕಂಪ್ಯೂಟರ್ ಗಾಡಿಗೆ ಲ್ಯಾಪ್‌ಟಾಪ್ ಹಾಕಿ ಮಿತಿ ಬದಲಿಸುವವರೂ ಇದ್ದಾರೆ. ನಮ್ಮಲ್ಲಿಗೆ ಕೇಳಿಕೊಂಡು ಬಂದವರನ್ನು ವಾಪಸ್ ಕಳಿಸಿದ್ದೇವೆ, ಅವರು ಇನ್ನೊಂದು ಕಡೆ ಮಾಡಿಸಿಕೊಂಡಿರಬಹುದು. ಎಂಟು ವರ್ಷದೊಳಗಿನ ಗಾಡಿಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಅಷ್ಟು ದಿನದ ನಡುವೆ ರಸ್ತೆಯಲ್ಲಿ ನಿಲ್ಲಿಸಿ ಗವರ್ನರ್ ಕೆಲಸ ಮಾಡುತ್ತಿದೆಯಾ ಅಂತ ಪರೀಕ್ಷೆ ಮಾಡುವುದು ತೀರಾ ಅಪರೂಪ. ಪರ್ಮಿಟ್, ಇನ್ಶೂರೆನ್ಸ್, ತೂಕ ನೋಡುತ್ತಾರೆ. ಇದನ್ನು ನೋಡುವುದಿಲ್ಲ. ಅರ್ಜಿಯಲ್ಲಿ ಮೊದಲು ಇದನ್ನೇ ಬರೆಯಿರಿ.

---

ಉತ್ತರ: ಬೇಲೂರು ರೋಡ್

ಜೋರಾಗಿ ಬರುವ ಲಾರಿಗಿಂತ ಬಲಗಡೆ ಲೇನ್ ಹಿಡಿದು ಮಲಗಿರುವ ಲಾರಿಯೇ ನನಗೆ ಜಾಸ್ತಿ ಭಯ. ಶಾಂತಿಗ್ರಾಮ ಟೋಲ್ ದಾಟಿದ ಮೇಲೆ ಎರಡು ಲೇನ್‌ನಲ್ಲೂ ಲಾರಿ. ಒಂದು ಇನ್ನೊಂದನ್ನು ಹಿಂದೆ ಹಾಕಲು ನೋಡುತ್ತಿರುತ್ತದೆ, ಆಗುವುದಿಲ್ಲ. ಹಿಂದೆ ಕಾರುಗಳ ಸಾಲು. ತಾಳ್ಮೆ ಕಳೆದುಕೊಂಡವರು ಎಡಗಡೆಯ ಮಣ್ಣಿಗೆ ಇಳಿಸಿ ನುಗ್ಗುತ್ತಾರೆ. ಎಲ್ಲರಿಗೂ 80ರ ಗವರ್ನರ್ ಸರಿಯಾಗಿ ಕೂತರೆ ಇದು ಇನ್ನೂ ಜಾಸ್ತಿ ಆಗುತ್ತೆ ಅಲ್ವಾ?

---

ಉತ್ತರ: ಸಕಲೇಶಪುರದ ಲಾರಿ ಮನೆ

ನಮ್ಮದು ಎರಡು ಲಾರಿ. ಒಂದು ಹತ್ತು ಚಕ್ರದ್ದು, ಇನ್ನೊಂದು ಆರು ಚಕ್ರದ್ದು. ಮನೆಯವರು ಮೊದಲು ತಾವೇ ಓಡಿಸುತ್ತಿದ್ದರು. ಬೆನ್ನು ನೋವು ಜಾಸ್ತಿಯಾದ ಮೇಲೆ ಸ್ಟೀರಿಂಗ್ ಬಿಟ್ಟರು. ಈಗ ಡ್ರೈವರ್‌ಗಳಿದ್ದಾರೆ. ಲೋಡು ಹುಡುಕುವುದು, ಬಾಡಿಗೆ ಮಾತಾಡುವುದು, ಡೀಸೆಲ್ ಲೆಕ್ಕ, ರಾತ್ರಿ ಡ್ರೈವರ್ ಫೋನ್ ಎತ್ತುವುದು ಎಲ್ಲ ನನ್ನ ಕೆಲಸ. ಶುಂಠಿ, ಕಾಫಿ, ಮೆಣಸು ಹೋಗುತ್ತದೆ. ಮಂಗಳೂರಿನಿಂದ ಬರುವಾಗ ಗೊಬ್ಬರ.

ಗವರ್ನರ್ ಬೇಕು. ಕಿತ್ತು ಹಾಕುವ ಮಾಲೀಕರ ಪರ ನಾನು ಒಂದು ಮಾತೂ ಆಡುವುದಿಲ್ಲ. ಹತ್ತು ಚಕ್ರದ ಲಾರಿ ಲೋಡು ಸೇರಿ 28.5 ಟನ್‌ವರೆಗೆ ತೂಗಬಹುದು ಅಂತ 2018ರಲ್ಲಿ ಮಿತಿ ಏರಿಸಿದರು. ಅದಕ್ಕೂ ಮೊದಲು 25 ಟನ್ ಇತ್ತು. ಅಷ್ಟು ಭಾರ 80ರಲ್ಲಿ ಹೋಗುವುದಕ್ಕೂ 100ರಲ್ಲಿ ಹೋಗುವುದಕ್ಕೂ ಬರೀ 20ರ ವ್ಯತ್ಯಾಸ ಅಂತ ತಿಳಿಯಬೇಡಿ. ವೇಗ ಕಾಲುಪಾಲು ಏರಿದರೆ, ನಿಲ್ಲಿಸುವಾಗ ಬ್ರೇಕ್ ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಡ್ರೈವರ್ ಕಣ್ಣಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ, 80ರಲ್ಲಿ ಅಷ್ಟರೊಳಗೆ ಲಾರಿ 33 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿಯುವುದು ಅದಾದ ಮೇಲೆ. ಯುರೋಪಿನಲ್ಲಿ 12 ಟನ್ ಮೀರಿದ ಲಾರಿಗಳಿಗೆ 1994ರಿಂದಲೇ 90ರ ಮಿತಿ ಇದೆ, ಆಮೇಲೆ ಅದನ್ನು 3.5 ಟನ್ ಮೀರಿದ ಎಲ್ಲ ಲಾರಿಗಳಿಗೂ ತಂದರು. ಅಲ್ಲಿ ಸಾಮಾನು ಸಾಗಣೆ ನಿಂತು ಹೋಗಲಿಲ್ಲ.

ಆದರೆ ಅಂಗಡಿಯವರೇ, ನನಗೆ ಹೊಟ್ಟೆ ಉರಿಯುವುದು ಬೇರೆ ಕಡೆ. ಡ್ರೈವರ್ ಯಾಕೆ ಜೋರಾಗಿ ಓಡಿಸುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಅವನಿಗೇನೂ ಅದು ಖುಷಿಯಲ್ಲ. ಲಾರಿ ಎಷ್ಟು ಜೋರು ಹೋಗಬೇಕು ಅನ್ನುವುದು ಲೋಡು ಹೊರಡುವ ಮೊದಲೇ ಫೋನಿನಲ್ಲಿ ತೀರ್ಮಾನ ಆಗಿರುತ್ತದೆ.

ಶುಂಠಿ ಲೋಡಿನ ಕಥೆ ಕೇಳಿ. ಲಾರಿ ಮಧ್ಯಾಹ್ನ ಮೂರಕ್ಕೇ ಹೊಲದ ಹತ್ತಿರ ನಿಂತಿರುತ್ತದೆ. ಶುಂಠಿ ತೊಳೆಯುವುದು ತಡ, ಆಳು ತಡ, ತೂಕ ತಡ. ಲೋಡು ಮುಗಿಯುವಾಗ ರಾತ್ರಿ ಹನ್ನೊಂದು. ಅಷ್ಟು ಹೊತ್ತು ಡ್ರೈವರ್ ನಿದ್ದೆ ಮಾಡಿರುತ್ತಾನಾ? ಇಲ್ಲ, ಹಗ್ಗ ಬಿಗಿಯುವುದು, ಟಾರ್ಪಲ್ ಎಳೆಯುವುದು ಅವನದೇ. ಆಮೇಲೆ ಬೆಂಗಳೂರಿನ ಮಂಡಿಯಿಂದ ಫೋನ್, ಹರಾಜಿಗೆ ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಬಾಡಿಗೆಯಲ್ಲಿ ಹಿಡಿಯುತ್ತೇವೆ ಅಂತ. ಲೋಡು ಮಾಡುವಾಗ ಎಂಟು ಗಂಟೆ ಕಾಯಿಸಿದ್ದಕ್ಕೆ ಯಾರೂ ಒಂದು ರೂಪಾಯಿ ಕೊಡುವುದಿಲ್ಲ. ತಡವಾದ ಹೊರೆಯೆಲ್ಲ ರಸ್ತೆಯ ಮೇಲೆ ಡ್ರೈವರ್ ತಲೆಗೆ.

ಒಂದು ಲೆಕ್ಕ ಹೇಳುತ್ತೇನೆ. ಸಕಲೇಶಪುರದಿಂದ ಬೆಂಗಳೂರು ಸುಮಾರು 220 ಕಿಲೋಮೀಟರ್. ಎಲ್ಲೂ ನಿಲ್ಲದೆ 80ರಲ್ಲಿ ಹೋದರೆ ಎರಡೂ ಮುಕ್ಕಾಲು ಗಂಟೆ. 65ರಲ್ಲಿ ಹೋದರೆ ಮೂರು ಗಂಟೆ 23 ನಿಮಿಷ. ವ್ಯತ್ಯಾಸ 38 ನಿಮಿಷ. ಟೋಲ್, ಚಹಾ, ನೆಲಮಂಗಲದ ಟ್ರಾಫಿಕ್ ಎಲ್ಲ ಸೇರಿದರೆ ಅಷ್ಟೂ ಉಳಿಯುವುದಿಲ್ಲ. ಹೊಲದ ಹತ್ತಿರ ಎಂಟು ಗಂಟೆ ಕಳೆದವರು ಈ 38 ನಿಮಿಷಕ್ಕಾಗಿ ಒಬ್ಬ ಮನುಷ್ಯನ ಪ್ರಾಣ ಪಣಕ್ಕೆ ಇಡುತ್ತಾರೆ. ಇದು ನನಗೆ ಸಹಿಸಲು ಆಗುವುದಿಲ್ಲ.

ನಾವು ಏನು ಮಾಡಿದೆವು ಅಂದರೆ, ಹೊಸ ಗಾಡಿಯ ಮಿತಿಯನ್ನು ಡೀಲರ್ ಹತ್ತಿರವೇ 70ಕ್ಕೆ ಇಳಿಸಿಸಿದೆವು. ಬೇಗ ಮುಟ್ಟಿಸಿದರೆ ಕೊಡುತ್ತಿದ್ದ ಜಾಸ್ತಿ ಬೇಟಾ (ಭತ್ಯೆ) ನಿಲ್ಲಿಸಿ, ಆ ದುಡ್ಡನ್ನು ತಿಂಗಳ ಸಂಬಳಕ್ಕೆ ಸೇರಿಸಿದೆವು. ಮೊದಲು ಡ್ರೈವರ್‌ಗಳು ಬೇಜಾರು ಮಾಡಿಕೊಂಡರು. ಒಬ್ಬ ಬಿಟ್ಟೇ ಹೋದ. ತಡವಾದರೆ ಬಾಡಿಗೆ ಹಿಡಿಯುತ್ತಿದ್ದ ಒಂದು ಮಂಡಿಯ ಲೋಡನ್ನು ನಾವೇ ಬಿಟ್ಟೆವು. ನಷ್ಟ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಡೀಸೆಲ್ ಕಡಿಮೆ ಕುಡಿಯುತ್ತಿದೆ, ಟೈರ್, ಬ್ರೇಕ್ ಲೈನರ್ ಹೆಚ್ಚು ದಿನ ಬರುತ್ತಿವೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದು ಡೀಸೆಲ್ ಪುಸ್ತಕದಲ್ಲಿ ಕಾಣುತ್ತಿದೆ.

ನಿದ್ದೆಯ ಮಾತು ಇನ್ನೂ ದೊಡ್ಡದು. 60ರಲ್ಲಿ ಹೋಗುವ ಡ್ರೈವರ್‌ಗೆ ಜೋಂಪು ಹತ್ತಿದರೆ ಗವರ್ನರ್ ಎಬ್ಬಿಸುವುದಿಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತಿತ್ತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ನಮ್ಮ ರಸ್ತೆಯಲ್ಲಿ ಯಾವ ಲಾರಿ ಡ್ರೈವರ್ ಎಂಟು ಗಂಟೆಗೆ ಇಳಿದು ಮನೆಗೆ ಹೋಗುತ್ತಾನೆ ಹೇಳಿ. ಯುರೋಪಿನ ಲಾರಿಗಳಲ್ಲಿ ಎಷ್ಟು ಹೊತ್ತು ಓಡಿಸಿದ ಅಂತ ಬರೆದುಕೊಳ್ಳುವ ಯಂತ್ರ ಇರುತ್ತದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ಗವರ್ನರ್ ಜೊತೆ ಅದೂ ಇದ್ದದ್ದರಿಂದ ಅಲ್ಲಿನ ಡ್ರೈವರ್ ಕಳೆದ ಸಮಯವನ್ನು ನಿದ್ದೆಗೆಟ್ಟು ತುಂಬಿಸಲು ಆಗುವುದಿಲ್ಲ. ನಾವು ಬರೀ ಗವರ್ನರ್ ತಂದು ಟೈಮನ್ನು ಹಾಗೇ ಬಿಟ್ಟರೆ, ಡ್ರೈವರ್ ಊಟ ಬಿಡುತ್ತಾನೆ, ನಿದ್ದೆ ಬಿಡುತ್ತಾನೆ. ಊರೊಳಗೆ, ಶಾಲೆ ಮುಂದೆ ನಿಧಾನ ಮಾಡಬೇಕಾದ ಕಡೆಯೂ ಮಾಡುವುದಿಲ್ಲ.

ಬೇಲೂರು ರೋಡ್ ಅವರಿಗೆ. ನೀವು ಹೇಳಿದ್ದು ನಿಜ. 78ರಲ್ಲಿ ಹೋಗುವ ಲಾರಿಯನ್ನು 80ರ ಲಾರಿ ಹಿಂದೆ ಹಾಕಬೇಕಾದರೆ ಸುಮಾರು 60 ಮೀಟರ್ ಮುಂದೆ ಬರಬೇಕು. ಅದಕ್ಕೆ ಹೆಚ್ಚು ಕಡಿಮೆ 108 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಎರಡೂ ಗಾಡಿ ಜೋಡಿಯಾಗಿ 2.4 ಕಿಲೋಮೀಟರ್ ಹೋಗಿರುತ್ತವೆ. ಜರ್ಮನಿಯಲ್ಲಿ ಇದೇ ಕಾಟಕ್ಕೆ ಕೆಲವು ಕಡೆ ಲಾರಿಗಳು ಓವರ್‌ಟೇಕ್ ಮಾಡುವಂತಿಲ್ಲ ಅಂತ ಬೋರ್ಡ್ ಹಾಕಿದ್ದಾರೆ. ನಮ್ಮ ಡ್ರೈವರ್‌ಗಳಿಗೆ ನಾನು ಹೇಳುವುದು ಇಷ್ಟೇ, ಮುಂದಿನವನು 10 ಕಿ.ಮೀ. ಆದರೂ ನಿಧಾನ ಇಲ್ಲದಿದ್ದರೆ ಬಲಗಡೆ ಹೋಗಬೇಡಿ. ಇದನ್ನೂ ಅರ್ಜಿಯಲ್ಲಿ ಸೇರಿಸಿ. ಲೇನ್ ಶಿಸ್ತು ಇಲ್ಲದೆ ಗವರ್ನರ್ ತಂದರೆ ಕಾರಿನವರಿಗೆ ಸುಮ್ನೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಅವರು ಸಾಯುತ್ತಾರೆ.

ಇನ್ನೊಂದು. ಗವರ್ನರ್‌ಗೆ ರಸ್ತೆ ಯಾವುದು ಅಂತ ಗೊತ್ತಿಲ್ಲ. 2018ರ ಏಪ್ರಿಲ್‌ನಲ್ಲಿ ಗೊತ್ತು ಮಾಡಿದ ಮಿತಿ ಪ್ರಕಾರ ಲಾರಿಗೆ ನಾಲ್ಕು ಲೇನ್ ರಸ್ತೆಯಲ್ಲಿ 80, ಬೇರೆ ರಸ್ತೆಗಳಲ್ಲಿ 60. ಹಾಸನ–ಬೇಲೂರು ರಸ್ತೆಯಲ್ಲಿ, ಹೊಳೆನರಸೀಪುರದ ಕಡೆ ಊರುಗಳ ಮಧ್ಯೆ, 80ಕ್ಕೆ ಲಾಕ್ ಆದ ಲಾರಿ ಪೂರ್ತಿ 80ರಲ್ಲೇ ನುಗ್ಗಬಹುದು, ಯಂತ್ರ ಏನೂ ತಡೆಯುವುದಿಲ್ಲ. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ವಾಹನಗಳಿಗೆಲ್ಲ ರಸ್ತೆಯ ಮಿತಿ ಗುರುತಿಸಿ ಡ್ರೈವರ್‌ಗೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ನಮಗೆ ಅದು ಬರುವವರೆಗೆ ಊರು ಬಂದ ಕಡೆ ಹಂಪು, ಬೆಳಕು, ಪೊಲೀಸರೇ ಗತಿ.

ಘಾಟಿ ಬಗ್ಗೆ ಬರೆಯಬೇಕು. ರಾತ್ರಿ ಆಯಿತು, ನಾಳೆ ಬರೆಯುತ್ತೇನೆ.

---

ಪ್ರಶ್ನೆ ಕೇಳಿದವರು: ಚನ್ನರಾಯಪಟ್ಟಣದ ಅಂಗಡಿಯವ

ಅಕ್ಕ, ತುಂಬಾ ಉಪಕಾರ. ನಾವು ವರ್ತಕರು ಕೂಡ ‘ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಸರಕು ಬರಬೇಕು’ ಅನ್ನುವವರೇ. ಇದನ್ನು ನಮ್ಮ ಸಭೆಯಲ್ಲಿ ಮಾತಾಡುತ್ತೇನೆ. ಘಾಟಿ ವಿಷಯ ಖಂಡಿತ ಬರೆಯಿರಿ. ಶಿರಾಡಿಯಲ್ಲಿ ಪ್ರತಿ ಮಳೆಗಾಲ ಒಂದಲ್ಲ ಒಂದು ಲಾರಿ ಬಿದ್ದಿರುತ್ತದೆ. ಅಲ್ಲಿ ಗವರ್ನರ್ ಕೆಲಸಕ್ಕೆ ಬರುತ್ತಾ?

---

ಉತ್ತರ: ಟ್ಯಾಂಕರ್ ಡ್ರೈವರ್

ಮಂಗಳೂರಿನಿಂದ ಗ್ಯಾಸ್ ತುಂಬಿಕೊಂಡು ಹಾಸನದ ಕಡೆ ಬರುತ್ತೇನೆ. ನಮ್ಮದು 60ಕ್ಕೆ ಲಾಕ್. ಜಿಪಿಎಸ್ ಇದೆ, ಜಾಸ್ತಿ ಹೋದರೆ ಮಾಲೀಕರ ಫೋನಿಗೆ ಮೆಸೇಜ್ ಹೋಗುತ್ತದೆ. ನನಗೆ ಇದರಿಂದ ನೆಮ್ಮದಿಯೇ. ಬೇಗ ಬಾ ಅಂತ ಯಾರೂ ಬೈಯುವಂತಿಲ್ಲ.

ಕಷ್ಟ ಇರುವುದು ಹಿಂದಿನಿಂದ. ನಾಲ್ಕು ಲೇನ್‌ನಲ್ಲಿ ಕಾರಿಗೆ 100 ಬಿಟ್ಟಿದ್ದಾರೆ, ನಾನು 60. ರಾತ್ರಿ ಮಂಜಿನಲ್ಲಿ ಕಾರಿನವರಿಗೆ ನಾನು ನಿಂತಿದ್ದೇನಾ ಹೋಗುತ್ತಿದ್ದೇನಾ ಗೊತ್ತಾಗುವುದಿಲ್ಲ. ಹಿಂದಿನ ಲೈಟ್ ಒಂದೂ ಕೆಡದ ಹಾಗೆ, ರಿಫ್ಲೆಕ್ಟರ್ ಟೇಪಿಗೆ ಕೆಸರು ಹಿಡಿಯದ ಹಾಗೆ ನೋಡಿಕೊಳ್ಳುತ್ತೇನೆ. ರಸ್ತೆ ಬದಿ ಲೈಟಿಲ್ಲದೆ ನಿಂತಿರುವ ಲಾರಿಗಳು ಓಡುವ ಲಾರಿಗಳಿಗಿಂತ ಕೆಟ್ಟವು. ಲಾರಿ ನಿಲ್ಲಿಸಲು ಜಾಗ ಮಾಡಿಕೊಡಿ ಅಂತಲೂ ಬರೆಯಿರಿ.

---

ಉತ್ತರ: ಸಕಲೇಶಪುರದ ಲಾರಿ ಮನೆ

ಟ್ಯಾಂಕರ್ ಅಣ್ಣ ಹೇಳಿದ ನಿಲ್ಲಿಸುವ ಜಾಗದ ಮಾತು ನೂರಕ್ಕೆ ನೂರು ಸರಿ.

ಘಾಟಿಯಲ್ಲಿ ಗವರ್ನರ್ ಕೆಲಸಕ್ಕೆ ಬರುವುದಿಲ್ಲ. ಅದು ಡೀಸೆಲ್ ತಡೆಯುತ್ತದೆ, ಬ್ರೇಕ್ ಹಾಕುವುದಿಲ್ಲ. ಮಾರನಹಳ್ಳಿಯಿಂದ ಗುಂಡ್ಯದ ಕಡೆ ಇಳಿಯುವಾಗ ಲಾರಿಯನ್ನು ತಳ್ಳುವುದು ಲಾರಿಯ ತೂಕ, ಎಂಜಿನ್ ಅಲ್ಲ. ಅಲ್ಲಿನ ತಿರುವುಗಳಿಗೆ 40 ಕೂಡ ಜಾಸ್ತಿ. 80ರ ಮಿತಿಗೆ ಅಲ್ಲಿ ಅರ್ಥವೇ ಇಲ್ಲ. ಘಾಟಿ ಕಾಂಕ್ರೀಟ್ ಆದ ಮೇಲೆ ಗುಂಡಿಯ ಹೆದರಿಕೆ ಹೋಯಿತು, ಅದರ ಜೊತೆ ನಿಧಾನವೂ ಹೋಯಿತು.

ಲೋಡು ಇರುವ ಲಾರಿ ಉದ್ದಕ್ಕೂ ಬ್ರೇಕ್ ತುಳಿದುಕೊಂಡೇ ಇಳಿದರೆ ಡ್ರಮ್ಮು ಕಾಯುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್’ ಅಂತ ಪೇಪರಿನಲ್ಲಿ ಬರುವುದರಲ್ಲಿ ಇಂಥವೂ ಇರುತ್ತವೆ. ಮನೆಯವರು ಹೊಸ ಹುಡುಗರಿಗೆ ಹೇಳುವ ಮೊದಲ ಪಾಠ, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸು, ಎಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಹಾಕು, ಕಾಲಿನ ಬ್ರೇಕನ್ನು ಬಿಟ್ಟು ಬಿಟ್ಟು ತುಳಿ.

ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವ ಡ್ರೈವರ್‌ಗಳು ಈಗಲೂ ಇದ್ದಾರೆ. ಮಾಲೀಕರೇ ಹೇಳಿಕೊಟ್ಟಿರುತ್ತಾರೆ. ಈಗಿನ ಕಂಪ್ಯೂಟರ್ ಎಂಜಿನ್ನುಗಳಲ್ಲಿ ಗೇರಿನಲ್ಲಿ ಇಳಿಯುತ್ತಾ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಪೂರ್ತಿ ನಿಲ್ಲುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತನ್ನಷ್ಟಕ್ಕೆ ಓಡಲು ಡೀಸೆಲ್ ಬೇಕು. ಅಂದರೆ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ. ಇದನ್ನು ಪ್ರತಿ ಲಾರಿ ಮಾಲೀಕರಿಗೂ ಕೂರಿಸಿ ಹೇಳಬೇಕು.

ಮಳೆಗಾಲದಲ್ಲಿ ದೋಣಿಗಾಲ್, ದೊಡ್ಡತಪ್ಪಲು ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚುತ್ತಾರೆ. ಲಾರಿಗಳು ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಸಾಲಿನಲ್ಲಿ ನಿಲ್ಲುತ್ತವೆ. ಡ್ರೈವರ್‌ಗಳಿಗೆ ಊಟ ಇಲ್ಲ, ಶೌಚಾಲಯ ಇಲ್ಲ. ರಸ್ತೆ ಬಿಟ್ಟ ತಕ್ಷಣ ಎಲ್ಲರಿಗೂ ಮಾಲೀಕರಿಂದ, ಪಾರ್ಟಿಯಿಂದ ಫೋನ್. ಆ ಹೊತ್ತಿನಲ್ಲಿ ಘಾಟಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ರಸ್ತೆ ಬಿಡುವಾಗ ಲಾರಿಗಳನ್ನು ಹತ್ತು ಹತ್ತಾಗಿ, ಮುಂದೆ ಪೊಲೀಸ್ ಜೀಪ್ ಇಟ್ಟು ನಿಧಾನವಾಗಿ ಇಳಿಸಿದರೆ ಯಾರಿಗೇನು ನಷ್ಟ?

ಅರ್ಜಿಯಲ್ಲಿ ನನ್ನ ಕಡೆಯಿಂದ ಇವನ್ನು ಸೇರಿಸಿ. ಗವರ್ನರ್ ಪರೀಕ್ಷೆ ಎಫ್‌ಸಿ ದಿನ ಬಿಟ್ಟು ಶಾಂತಿಗ್ರಾಮದ ಟೋಲ್ ಹತ್ತಿರವೂ ಆಗಲಿ. ಕಿತ್ತು ಹಾಕಿದ್ದು ಸಿಕ್ಕರೆ ದಂಡ ಮಾಲೀಕನ ಮೇಲೆ ಬೀಳಲಿ, ಡ್ರೈವರ್ ಲೈಸೆನ್ಸ್ ಮುಟ್ಟಬೇಡಿ. ಮಾರನಹಳ್ಳಿಯಲ್ಲಿ ಇಳಿಜಾರಿಗೆ ಮೊದಲು ಲಾರಿಗಳು ನಿಂತು ಬ್ರೇಕ್, ಗಾಳಿ ನೋಡಿಕೊಳ್ಳಲು ಒಂದು ಜಾಗ ಬೇಕು, ನೀರು, ಶೌಚಾಲಯ ಇರುವಂಥದ್ದು. ‘ಕೆಳಗಿನ ಗೇರಿನಲ್ಲಿ ಇಳಿಯಿರಿ, ನ್ಯೂಟ್ರಲ್ ಬೇಡ’ ಅಂತ ಕನ್ನಡ, ತಮಿಳು, ಹಿಂದಿಯಲ್ಲಿ ಬೋರ್ಡ್ ಬೇಕು, ಏಕೆಂದರೆ ಈ ರಸ್ತೆ ಗೊತ್ತಿಲ್ಲದೆ ಬರುವವರು ಹೊರಗಿನ ಡ್ರೈವರ್‌ಗಳು.

ವರ್ತಕರು ನೀವು ಒಂದು ಕೆಲಸ ಮಾಡಬಹುದು, ಅದಕ್ಕೆ ಯಾವ ಸಮಿತಿಯೂ ಬೇಡ. ಲೋಡಿನ ಚೀಟಿಯಲ್ಲಿ ಲಾರಿ ಬಂದ ಟೈಮು, ಲೋಡು ಮುಗಿದ ಟೈಮು ಎರಡನ್ನೂ ಬರೆಯಿರಿ. ಕಾಯಿಸಿದಷ್ಟು ಹೊತ್ತು ಮುಟ್ಟುವ ಟೈಮಿಗೆ ಸೇರಿಸಿ ಕೊಡಿ. ಸಹಿ ಮಾಡುವವರು ಬೇಕಾದರೆ ಸಕಲೇಶಪುರದ ಸಣ್ಣ ಮಾಲೀಕರನ್ನು ನಾನು ಒಟ್ಟು ಮಾಡುತ್ತೇನೆ, ದಿನ ಗೊತ್ತು ಮಾಡಿ ತಿಳಿಸಿ.